ಮೀನಿನ ಕೋಣೆಯ ನೀರು

ಗಿರಿಯಪ್ಪ ಜಾಡಿಯ ಬಾಯಿಗೆ ಹಾಕಿದ್ದ ಅರಗಿನ ಮುದ್ರೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿದ. ಅರಗು ಚೂರುಚೂರಾಗಿ ನೆಲಕ್ಕೆ ಉದುರಿತು.

“ಸಾಹೇಬ್ರ, ಅದು ಸರಕಾರಿ ಸೀಲ್ ಐತ್ರಿ,” ಬಾಗಿಲಲ್ಲಿ ನಿಂತಿದ್ದ ಪೇದೆ ಫಕ್ಕೀರಪ್ಪ ಮೆಲ್ಲಗೆ ಹೇಳಿದ.

“ಹಾಕಿದಾಂವ ನಾನ. ತಗಿಯಾಂವನೂ ನಾನ.”

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಚನ್ನವೀರಪ್ಪ ಸತ್ತು ಬಿದ್ದಿದ್ದು ಇದೇ ಕೋಣೆಯಲ್ಲಿ, ತಾನು ಸಾಕಿದ ಮೀನುಗಳ ಎದುರಿಗೆ. ಮೇಜಿನ ಮೇಲೆ ಈ ಗಾಜಿನ ಜಾಡಿ ಇತ್ತು, ಮೇಜಿನ ಕೆಳಗೆ ಉರುಳಿದ ಸ್ಟೀಲಿನ ಲೋಟ. ಪ್ರಯೋಗಾಲಯದ ವರದಿ ಇವತ್ತು ಬೆಳಿಗ್ಗೆ ಠಾಣೆಗೆ ಬಂದಿತ್ತು. ಹೊಟ್ಟೆಯಲ್ಲಿ ಬೆಳೆಗೆ ಹೊಡೆಯುವ ಔಷಧ. ಲೋಟದಲ್ಲಿ ಅದೇ ಔಷಧ. ಜಾಡಿಯಲ್ಲಿ ಬರೀ ನೀರು.

ಶಿಗ್ಗಾಂವಿಯಿಂದ ಸರ್ಕಲ್ ಸಾಹೇಬರು ಫೋನು ಮಾಡಿದ್ದರು. ಲೋಟಕ್ಕೆ ತಾನೇ ಹಾಕಿಕೊಂಡು ಕುಡಿದಿದ್ದಾನೆ, ಆತ್ಮಹತ್ಯೆ ಎಂದು ಬರೆದು ಸಂಜೆಯೊಳಗೆ ಮುಗಿಸಿ ಎಂದಿದ್ದರು.

ಬರೆಯುವುದು ಕಷ್ಟವಿರಲಿಲ್ಲ. ಈಚೆಗೆ ಸಬ್ ಇನ್‌ಸ್ಪೆಕ್ಟರ್ ಗಿರಿಯಪ್ಪನಿಗೆ ಯಾವುದೂ ಕಷ್ಟವೆನಿಸುತ್ತಿರಲಿಲ್ಲ. ಸತ್ತವನು ಅವನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಓದಿದವನು. ಆ ಹೆಣದ ಮುಖವನ್ನು ತಾನೇ ಒರೆಸಿ, ಪಂಚನಾಮೆಗೆ ಸಹಿ ಹಾಕಿ, ಮಣ್ಣಿಗೆ ಹೋಗಿ, ಮನೆಗೆ ಬಂದು ಕೈತೊಳೆದು ಊಟ ಮಾಡಿದ್ದ. ಅಳು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯ್ದ. ಬರಲಿಲ್ಲ. ಆಮೇಲೆ ಕಾಯುವುದನ್ನೂ ಬಿಟ್ಟ.

ಕೋಣೆಯಲ್ಲಿ ಇನ್ನಿಬ್ಬರಿದ್ದರು.

ಚನ್ನವೀರಪ್ಪನ ಹೆಂಡತಿ ಸರೋಜವ್ವ ಮೀನಿನ ತೊಟ್ಟಿಗೆ ನೀರು ಹಾಕುತ್ತಿದ್ದಳು. ಬೇರೊಂದು ಜಾಡಿಯಿಂದ ಬಟ್ಟಲಿಗೆ ಬಗ್ಗಿಸಿಕೊಂಡು, ಗಾಜಿನ ಗೋಡೆಗೆ ತಾಗಿಸಿ, ಸದ್ದಾಗದ ಹಾಗೆ ಬಿಡುತ್ತಿದ್ದಳು. ಪೊಲೀಸರು ಬಂದದ್ದನ್ನು ಅವಳು ನೋಡಿದ್ದಳು. ನೋಡಿ ಮತ್ತೆ ಬಟ್ಟಲು ತುಂಬಿಕೊಂಡಿದ್ದಳು. ನೀರಿನೊಳಗೆ ಕೆಂಪು ಮೀನುಗಳು ಬಾಲ ಬೀಸುತ್ತ ಆ ಕಡೆಯಿಂದ ಈ ಕಡೆಗೆ ಬಂದು ತಿರುಗುತ್ತಿದ್ದವು.

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಸತ್ತವನ ತಮ್ಮ ಕರಿಬಸಪ್ಪ ಕೂತಿದ್ದ. ಶಿಗ್ಗಾಂವಿಯಲ್ಲಿ ಅವನದು ಬೀಜ, ಗೊಬ್ಬರ, ಔಷಧದ ಅಂಗಡಿ.

“ವರದಿ ಬಂತಂತ ಕೇಳಿದೆ,” ಎಂದ ಕರಿಬಸಪ್ಪ. “ಮುಗೀತಲ್ಲ ಇನ್ನ. ಆ ಜಾಡಿ ಯಾಕ ಹೊತ್ತುಗೊಂಡು ಬಂದ್ರಿ?”

ಗಿರಿಯಪ್ಪ ಜಾಡಿಯ ಕೊರಳಿಗೆ ಕಟ್ಟಿದ್ದ ಬಿಳಿ ದಾರವನ್ನು ಬೆರಳಿನಿಂದ ಸವರಿದ.

ಈ ದಾರದ ಕತೆ ಅವನಿಗೆ ಗೊತ್ತಿತ್ತು. ಎಪ್ಪತ್ತೆಂಟರಲ್ಲಿ ಚನ್ನವೀರಪ್ಪ ಎಲೆಯ ವ್ಯವಹಾರಕ್ಕೆಂದು ಮುಂಬಯಿಗೆ ಹೋದವನು ಯಾರದೋ ಮನೆಯಲ್ಲಿ ಮೀನಿನ ತೊಟ್ಟಿ ನೋಡಿ ಬಂದಿದ್ದ. ಬಂದವನೇ ಗಾಜು ಕೊಯ್ಯಿಸಿ, ಕಬ್ಬಿಣದ ಪಟ್ಟಿಗೆ ಕೂರಿಸಿ, ತಾನೂ ಒಂದು ಮಾಡಿಸಿದ. ಮೊದಲ ವರ್ಷ ಹಿತ್ತಲ ಬಾವಿಯ ನೀರನ್ನೇ ಹಾಕುತ್ತಿದ್ದ. ಬಾವಿಯದು ಸವಳು ನೀರು. ಬೇಸಿಗೆಯಲ್ಲಿ ತೊಟ್ಟಿ ಬತ್ತಿದಷ್ಟೂ ಮತ್ತೆ ಅದನ್ನೇ ತುಂಬಿದ. ಗಾಜಿಗೆ ಬೆಳ್ಳಗೆ ಪೊರೆ ಕಟ್ಟಿತು. ಮೀನು ಒಂದೊಂದಾಗಿ ತೇಲಿದವು.

“ಬತ್ತೂದು ಬರೀ ನೀರು, ಗಿರಿ,” ಎಂದು ಒಂದು ಸಂಜೆ ಅವನು ದೊಡ್ಡ ಸಂಗತಿ ಕಂಡುಹಿಡಿದವನಂತೆ ಹೇಳಿದ್ದ. “ಉಪ್ಪು ಬತ್ತೂದಿಲ್ಲ. ತೊಟ್ಟ್ಯಾಗ ಹಂಗ ಉಳೀತೈತಿ. ಅದಕ್ಕ ಬತ್ತಿದಷ್ಟು ತುಂಬಾಕ ಶುದ್ಧ ನೀರ ಬೇಕು. ಹಳೇ ನೀರು ತಗದು ಹೊಸಾದು ಹಾಕೂದಾದ್ರ ಅದಕ್ಕ ಬಾವಿ ನೀರು ಕೂಡಿಸಬೇಕು. ಬರೀ ಶುದ್ಧ ನೀರಾಗ ಮೀನೂ ಬದುಕೂದಿಲ್ಲ.”

ಅಂದಿನಿಂದ ಮುಂಬಯಿಗೆ ಎಲೆಯ ಬುಟ್ಟಿಗಳು ಹೋಗುವ ಯಲವಿಗಿ ನಿಲ್ದಾಣಕ್ಕೆ ಹುಬ್ಬಳ್ಳಿಯಿಂದ ಬಟ್ಟಿ ಇಳಿಸಿದ ನೀರು ಬರತೊಡಗಿತು, ಮೋಟಾರಿನ ಬ್ಯಾಟರಿಗೆ ಹಾಕುವಂಥದ್ದು. ಹುಲ್ಲು ಸುತ್ತಿ ಬುಟ್ಟಿಯಲ್ಲಿಟ್ಟ ಗಾಜಿನ ಜಾಡಿಗಳು. ತಾಮ್ರದ ಹಂಡೆಗೆ ಸುರಿಯುವಂತಿಲ್ಲ, ತಗಡಿನ ಡಬ್ಬಿಗೆ ಸುರಿಯುವಂತಿಲ್ಲ, ಲೋಹ ನೀರಿಗಿಳಿದರೆ ಮೀನು ತಾಳುವುದಿಲ್ಲ. ಬಿಸಿಲು ಬೀಳದ ಮೂಲೆಯಲ್ಲಿ, ಬಿರಡೆ ಹಾಕಿ, ಮೇಲೆ ತೊಳೆದ ಬಟ್ಟೆ ಕಟ್ಟಿ ಇಡಬೇಕು. ಬರೀ ಶುದ್ಧ ನೀರಿನ ಜಾಡಿಗೆ ಬಿಳಿ ದಾರ. ಬಾವಿ ನೀರು ಕೂಡಿಸಿಟ್ಟದ್ದಕ್ಕೆ ಕೆಂಪು ದಾರ.

ಊರವರು ನಕ್ಕರು. ಮಂದಿಗೆ ಕುಡಿಯಲು ಸವಳು ನೀರು, ಮೀನಿಗೆ ರೈಲಿನ ನೀರು ಎಂದರು. ಚನ್ನವೀರಪ್ಪ ತಾನೂ ನಕ್ಕ.

ಗಿರಿಯಪ್ಪ ಜಾಡಿಯನ್ನು ಬಗ್ಗಿಸಿ ಅಂಗೈಗೆ ನೀರು ಸುರಿದುಕೊಂಡ. ಬಾಯಿಗೆ ಹಾಕಿದ.

“ಏನ್ ಮಾಡಾಕತ್ತೀರಿ!” ಕರಿಬಸಪ್ಪ ಎದ್ದು ನಿಂತ.

“ಬರೀ ನೀರಂತ ವರದಿ ಬಂದೈತಲ್ಲ.”

ನಾಲಿಗೆಯ ಅಂಚಿಗೆ ಸವಳು ಹತ್ತಿತು.

ಈ ಜಾಡಿಯ ನೀರಿನ ರುಚಿ ಗಿರಿಯಪ್ಪನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಈ ಮನೆಯಲ್ಲಿ ಅವನನ್ನು ಅಂಗಳದಲ್ಲಿ ನಿಲ್ಲಿಸಿ, ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಸಬ್ ಇನ್‌ಸ್ಪೆಕ್ಟರ್ ಆಗಿ ಅದೇ ಊರಿಗೆ ಬಂದ ಮೇಲೆ ಚನ್ನವೀರಪ್ಪ ಅವನನ್ನು ಈ ಕೋಣೆಗೆ ಕರೆದು ಕೂರಿಸಿದ. ಅಡುಗೆಮನೆಯ ನೀರು ತರಿಸಿದರೆ ಒಳಗೆ ಗೊಣಗಾಟವಾಗುತ್ತದೆಂದು ಮೀನಿನ ಜಾಡಿಯಿಂದಲೇ ಬಗ್ಗಿಸಿ ಕೊಟ್ಟ. ತಾನೂ ಅದೇ ಲೋಟದಲ್ಲಿ ಕುಡಿದ. ಆ ನೀರಿಗೆ ರುಚಿಯೇ ಇರಲಿಲ್ಲ. ಎಷ್ಟು ಕುಡಿದರೂ ಏನೂ ಕುಡಿದಂತೆ ಅನಿಸುತ್ತಿರಲಿಲ್ಲ.

ಇದು ಆ ನೀರಲ್ಲ.

“ಸರೋಜವ್ವಾರ, ಒಂಚೂರು ಸಬಕಾರ ಕೊಡ್ರಿ. ಎರಡು ಬಟ್ಟಲಾನೂ.”

ಅವಳು ಯಾಕೆಂದು ಕೇಳಲಿಲ್ಲ. ಬಚ್ಚಲಿನಿಂದ ಬಟ್ಟೆ ಒಗೆಯುವ ಸಬಕಾರದ ತುಂಡು, ಒಳಗಿನಿಂದ ಎರಡು ಬಟ್ಟಲು ತಂದಿಟ್ಟಳು.

ಗಿರಿಯಪ್ಪ ಒಂದು ಬಟ್ಟಲಿಗೆ ಅವಳು ತೊಟ್ಟಿಗೆ ಹಾಕುತ್ತಿದ್ದ ಜಾಡಿಯ ನೀರು ಹಾಕಿದ, ಇನ್ನೊಂದಕ್ಕೆ ಠಾಣೆಯಿಂದ ತಂದ ಜಾಡಿಯದು. ಎರಡರಲ್ಲೂ ಸಬಕಾರ ತಿಕ್ಕಿ ಬೆರಳಿನಿಂದ ಕಲಕಿದ. ಮೊದಲನೆಯದರಲ್ಲಿ ಬೆಳ್ಳಗೆ ನೊರೆ ಎದ್ದು ಅಂಚು ಮೀರಿ ಇಳಿಯಿತು. ಎರಡನೆಯದರಲ್ಲಿ ಒಡೆದ ಹಾಲಿನಂತೆ ಗಸಿ ತೇಲಿತು.

“ಇದು ಯಲವಿಗಿಗೆ ಬಂದಿಳದ ನೀರಲ್ಲ. ನಿಮ್ಮ ಹಿತ್ತಲ ಬಾವಿದು.”

“ಅಣ್ಣ ಬಾವಿ ನೀರು ಕಲಸ್ತಿದ್ದ. ನಿಮಗೂ ಗೊತ್ತೈತಿ,” ಎಂದ ಕರಿಬಸಪ್ಪ.

“ಕಲಸೂದು ಕೆಂಪು ದಾರದ ಜಾಡ್ಯಾಗ. ಇದಕ್ಕ ಬಿಳಿ ದಾರ ಐತಿ.”

“ದಾರ ಅದಲಬದಲ ಆಗಿರಬೇಕು.”

“ಮೀನಿನ ವಿಷಯದಾಗ ನಿಮ್ಮ ಅಣ್ಣ ಅದಲಬದಲ ಮಾಡಿದ್ದು ನೀವು ಯಾವಾಗರ ಕಂಡೀರೇನು?”

ಕರಿಬಸಪ್ಪ ಕಿಟಕಿಯ ಕಡೆ ತಿರುಗಿದ. ಹೊರಗೆ ಬೀದಿಯಲ್ಲಿ ಟಾಂಗಾ ಒಂದು ಹೋಯಿತು.

“ನಿಮ್ಮ ಅಣ್ಣ ಸತ್ತ ಮ್ಯಾಲೆ, ನಾವು ಬರೂದ್ರೊಳಗ, ಯಾರೋ ಈ ಜಾಡಿ ಬರಿದು ಮಾಡಿ, ತೊಳದು, ಬಾವಿ ನೀರು ತುಂಬ್ಯಾರ. ಒಳ್ಳೇ ನೀರಿದ್ರ ತೊಳಿಯೂದು ಯಾಕ ಬೇಕಿತ್ತು? ವಿಷ ಲೋಟದಾಗ ಬಿದ್ದದ್ದಲ್ಲ. ಜಾಡ್ಯಾಗ ಇತ್ತು.”

“ಅದಕ್ಕ ನನ್ನ ಕಡೆ ಯಾಕ ನೋಡ್ತೀರಿ?”

“ಆ ಔಷಧ ನೀವು ಮಾರ್ತೀರಿ.”

“ಇಡೀ ತಾಲ್ಲೂಕಿನಾಗ ಹತ್ತಿ ಬೆಳಿಯಾಂವನ ಮನಿ ಒಂದೊಂದ್ರಾಗೂ ಐತಿ ಅದು!”

“ಆ ದಿನ ನೀವು ಇಲ್ಲಿಗೆ ಬಂದಿದ್ರಿ.”

“ಮಧ್ಯಾಹ್ನ ಉಂಡು ಹ್ವಾದೆ. ಪಂಚನಾಮ್ಯಾಗ ಬರಕೊಂಡೀರಿ.”

“ಈ ಕೋಣಿಗೆ ಬಂದದ್ದು ಬರಕೊಂಡಿಲ್ಲ.”

ಕರಿಬಸಪ್ಪ ಅತ್ತಿಗೆಯ ಕಡೆಗೊಮ್ಮೆ ನೋಡಿದ. ಸರೋಜವ್ವ ಮೇಜಿನ ಮೇಲೆ ಚೆಲ್ಲಿದ ನೊರೆಯನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು.

“ಬಂದಿದ್ದೆ,” ಎಂದ. “ಎರಡು ಮಾತು ಬಂತು ಇಬ್ಬರಿಗೂ.”

“ಎದರ ಬಗ್ಗೆ?”

“ಬ್ಯಾಡ ಬಿಡ್ರಿ.”

“ಎದರ ಬಗ್ಗೆ, ಕರಿಬಸಪ್ಪಾರ?”

“ನಿಮ್ಮ ಬಗ್ಗೆ.” ಅವನ ದನಿ ಏರಿತು. “ನೀವು ಒಳಗ ಬಂದು ಕುಂಡ್ರೂದು, ಒಂದ ಲೋಟದಾಗ ನೀರು ಕುಡಿಯೂದು, ನಮ್ಮ ಮಂದ್ಯಾಗ ಮಾತಾಗಿತ್ತು. ಅಣ್ಣಗ ಅದನ್ನ ಹೇಳಿದೆ. ಆಂವ ನನ್ನ ಹೊರಗ ಹೋಗಂದ. ಹ್ವಾದೆ. ಇಷ್ಟ. ಇದಕ್ಕ ಅಣ್ಣನ್ನ ಕೊಲ್ತಾರೇನು ಯಾರರ?”

ಗಿರಿಯಪ್ಪ ಆ ಮಾತನ್ನು ಕೇಳಿದ. ಸಿಟ್ಟು ಬರಬೇಕಿತ್ತು. ಎಲ್ಲೋ ದೂರದಲ್ಲಿ, ಇನ್ನಾರಿಗೋ ಆಡಿದ ಮಾತಿನಂತೆ ಅದು ಹಾದುಹೋಯಿತು. ಅಣ್ಣನನ್ನು ಕೊಲ್ಲಲಿಕ್ಕಿಲ್ಲ, ಎಂದುಕೊಂಡ. ಅದಕ್ಕಿಂತ ಮುಂದೆ ಅವನ ತಲೆ ಓಡಲಿಲ್ಲ.

“ನಡೀರಿ, ಠಾಣೆಗೆ ಹೋಗೂಣು.”

“ಅವರನ್ನ ಬಿಡ್ರಿ,” ಎಂದಳು ಸರೋಜವ್ವ.

ಇಬ್ಬರೂ ತಿರುಗಿದರು. ಅವಳು ಒದ್ದೆ ಸೆರಗನ್ನು ಹಿಂಡುತ್ತಿದ್ದಳು.

“ಜಾಡಿ ತೊಳದಾಕಿ ನಾನ.”

“ಅತ್ತಿಗಿ, ನೀ ಸುಮ್ಮನಿರು,” ಎಂದ ಕರಿಬಸಪ್ಪ.

“ಸುಮ್ಮನ ಇದ್ದೆ ಇಷ್ಟು ದಿನ.” ಅವಳು ಗಿರಿಯಪ್ಪನ ಕಡೆ ನೋಡದೆ, ತೊಟ್ಟಿಯ ಕಡೆ ನೋಡುತ್ತ ಹೇಳಿದಳು. “ಮುಂಜಾನಿ ಬಾಗಿಲಾ ತಗದೆ. ಹಿಂಗ ಬಿದ್ದಿದ್ರು. ಕ್ವಾಣಿ ತುಂಬ ಔಷಧದ ವಾಸನಿ. ಜಾಡಿ ಬಾಯಿಗೆ ಮೂಗು ಹಚ್ಚಿ ನೋಡಿದೆ, ಅದರಾಗಿಂದ ಬರಾಕತ್ತಿತ್ತು. ತಾವ ಹಾಕ್ಕೊಂಡು ಕುಡದಾರ ಅಂತ ತಿಳಕೊಂಡೆ. ಹಿರೇಕೆರೂರಾಗ ನನ್ನ ತಂಗಿದು ಲಗ್ನ ಗೊತ್ತಾಗಿತ್ತು. ಅಕ್ಕನ ಗಂಡ ವಿಷಾ ಕುಡದ ಅಂದ್ರ ಮುರದು ಹೋಗ್ತಿತ್ತು. ಎದಿ ನಿಂತು ಸತ್ರು ಅಂತ ಹೇಳಿದ್ರ ಸಾಕು ಅನಿಸ್ತು. ಜಾಡಿ ತೊಳದು ಬಾವಿ ನೀರು ತುಂಬಿದೆ. ಮೇಜಿನ ಬುಡಕ ಲೋಟ ಉಳ್ಳಿದ್ದು ನನಗ ಕಾಣಲಿಲ್ಲ.”

ಹೇಳುವಾಗ ಅವಳ ದನಿ ಎಲ್ಲಿಯೂ ಏರಲಿಲ್ಲ, ಇಳಿಯಲಿಲ್ಲ. ಅಂಗಡಿಯಿಂದ ಏನೇನು ತರಬೇಕೆಂದು ಹೇಳುವವಳ ಹಾಗಿತ್ತು.

“ಯಾಕ ಕುಡಿದ್ರು ಅಂತ ನಿಮಗ ಅನಸ್ತೈತಿ?”

“ತಿಳೀಲಿಲ್ರಿ. ಆ ದಿನ ಚಲೋನ ಇದ್ರು. ಒಂದ ಏನಂದ್ರ, ದಿನಾ ಸಂಜಿಕ ತೊಟ್ಟಿಗೆ ನೀರು ಹಾಕೋರು. ಆ ದಿನ ಹಾಕಲಿಲ್ಲ. ‘ಇವತ್ತ ಬ್ಯಾಡ, ನೀನೂ ಹಾಕಬ್ಯಾಡ’ ಅಂದ್ರು.”

ಗಿರಿಯಪ್ಪ ತೊಟ್ಟಿಯನ್ನು ನೋಡಿದ. ಮೀನು ಸಾಯದೆ ಉಳಿದದ್ದಕ್ಕೆ ಕಾರಣ ಇಷ್ಟು ಹೊತ್ತು ಅವನಿಗೆ ಸಿಕ್ಕಿರಲಿಲ್ಲ. ಈಗ ಸಿಕ್ಕಿತ್ತು. ಸಿಕ್ಕಿದ್ದು ಹಿಡಿಸಲಿಲ್ಲ. ಜಾಡಿಯಲ್ಲಿ ವಿಷವಿದೆಯೆಂದು ಚನ್ನವೀರಪ್ಪನಿಗೆ ಸಂಜೆಗೇ ಗೊತ್ತಿತ್ತು.

“ಜಾಡ್ಯಾಗಿನ ನೀರು ಎಲ್ಲಿ ಚೆಲ್ಲಿದ್ರಿ?”

“ಚೆಲ್ಲಲಿಲ್ರಿ.”

“ಅಂದ್ರ?”

“ಎಲ್ಲಿ ಚೆಲ್ಲಲಿ? ಬಚ್ಚಲಾಗ ಹಾಕಿದ್ರ ನೀರು ಬೀದಿ ಗಟಾರಕ್ಕ ಹೋಗ್ತೈತಿ, ದನಾ ಬಾಯಿ ಹಾಕ್ತಾವು. ಹಿತ್ತಲಾಗ ಹಾಕಿದ್ರ ಮಗ್ಗಲಕ ಬಾವಿ. ಬರಿದಾಗಿದ್ದ ಕೆಂಪು ದಾರದ ಜಾಡಿಗೆ ಸುರದು, ಬಿರಡಿ ಬಡದು, ಕಟ್ಟಿಗಿ ಕೋಣ್ಯಾಗ ಇಟ್ಟಿದ್ದೆ.”

ಗಿರಿಯಪ್ಪ ಮೇಜು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ವಿಷ ಇನ್ನೂ ಇದೆ. ಸರ್ಕಲ್ ಸಾಹೇಬರಲ್ಲ, ಇನ್ನಾರೂ ಈ ಕೇಸನ್ನು ಮುಚ್ಚುವಂತಿಲ್ಲ.

“ತೋರಿಸ್ರಿ.”

ಸರೋಜವ್ವ ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ನೇರವಾಗಿ ನೋಡಿದಳು.

“ಇವತ್ತ ಮುಂಜಾನಿ ಕೊಟ್ಟು ಕಳಿಸಿದೆನಲ್ರಿ. ನೀವ ತರಿಸ್ಕೊಂಡ್ರಿ.”

“ನಾ ತರಿಸ್ಕೊಂಡೆ?”

“ಆ ಕೋಣ್ಯಾಗಿಂದು ಬ್ಯಾರೆ ಎತ್ತಿಟ್ಟ ನೀರು ಐತೇನು, ಸಾಹೇಬ್ರ ಮನಿಗೆ ಬೇಕಂತ ಕೇಳಿದ್ರು. ನಿಮಗ ಎಲ್ಲಾ ತಿಳದೈತಿ ಅಂತ ಅಂದ್ಕೊಂಡು ಕೊಟ್ಟೆ. ಮುಚ್ಚಿಟ್ಟು ಮುಚ್ಚಿಟ್ಟು ನನಗೂ ಸಾಕಾಗಿತ್ತು.”

“ಯಾರು ಕೇಳಿದ್ರು?”

ಅವಳು ಬಾಗಿಲ ಕಡೆ ಕೈ ಮಾಡಿದಳು.

ಫಕ್ಕೀರಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

“ಅದರಾಗ ವಿಷಾ ಇತ್ತಂತ ನನಗ ಗೊತ್ತಿಲ್ರಿ, ಸಾಹೇಬ್ರ. ದೇವ್ರಾಣಿ.”

“ಯಾರು ಹೇಳಿದ್ರು ನಿನಗ ಒಯ್ಯಾಕ?”

“ಬಾಯಾರು.”

“ಯಾವ ಬಾಯಾರು?”

“ನಿಮ್ಮ ಮನ್ಯಾಗಿನವ್ರು. ಮಂಜವ್ವ ಬಾಯಾರು.” ಅವನು ಗಡಬಡಿಸಿ ಹೇಳಿದ. “ಮುಂಜಾನಿ ನಿಮ್ಮ ಬುತ್ತಿ ತರಾಕ ಹೋಗಿದ್ನಲ್ರಿ. ವರದಿ ಬಂತೇನು ಅಂತ ಕೇಳಿದ್ರು. ಜಾಡ್ಯಾಗ ಬರೀ ನೀರಂತ ಬಂದೈತಿ ಅಂದೆ. ಹಂಗಾದ್ರ ಬ್ಯಾರೆ ಎಲ್ಲರ ಎತ್ತಿಟ್ಟಿರ್ತಾರ, ಕೇಳಿ ಇಸ್ಕೊಂಡ್ ಬಾ ಅಂದ್ರು. ನಿಮಗ ತಿಳಿದದ್ದ ಐತಿ ಅಂದ್ಕೊಂಡೆ ನಾ.”

ಗಿರಿಯಪ್ಪ ಹೊರಗೆ ಬಂದ. ಕರಿಬಸಪ್ಪನ ಮೇಲೆ ಕಣ್ಣಿಡು ಎಂದು ಫಕ್ಕೀರಪ್ಪನಿಗೆ ಹೇಳುವುದೂ ನೆನಪಾಗಲಿಲ್ಲ.

ಮೋಟಾರ್‌ಸೈಕಲ್ಲು ಒಂದೇ ಒದೆತಕ್ಕೆ ಶುರುವಾಯಿತು. ಸಂತೆಯ ದಿನವಲ್ಲದ್ದರಿಂದ ಬೀದಿ ಖಾಲಿ ಇತ್ತು. ಎಲೆ ಮಂಡಿಯ ಮುಂದೆ ಒದ್ದೆ ಗೋಣಿ ಹೊದಿಸಿದ ಬುಟ್ಟಿಗಳನ್ನು ಗಾಡಿಗೆ ಏರಿಸುತ್ತಿದ್ದರು. ಯಾರೋ ಕೈ ಎತ್ತಿ ನಮಸ್ಕಾರ ಮಾಡಿದರು. ಅವನು ನೋಡಿದ, ಆದರೆ ಕೈ ಎತ್ತಲಿಲ್ಲ.

ಅಷ್ಟು ವಾಸನೆ ಬರುವ ನೀರನ್ನು, ವಿಷವೆಂದು ತಿಳಿದ ನೀರನ್ನು, ಚನ್ನವೀರಪ್ಪ ಯಾಕೆ ಕುಡಿದ? ಮೀನಿಗೆ ಹಾಕಬೇಡವೆಂದು ಹೆಂಡತಿಗೆ ಹೇಳಿದವನು ಅದನ್ನು ಬಚ್ಚಿಡದೆ ಮೇಜಿನ ಮೇಲೇ ಯಾಕೆ ಇಟ್ಟ? ತನ್ನ ಹೆಂಡತಿ ಮಂಜವ್ವನಿಗೆ ಆ ನೀರಿನ ವಿಷಯ ಹೇಗೆ ಗೊತ್ತು? ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಉತ್ತರ ಬರಲಿಲ್ಲ. ಎದೆ ಮಾತ್ರ ಬಡಿದುಕೊಳ್ಳುತ್ತಿತ್ತು. ಎಷ್ಟೋ ದಿನಗಳ ಮೇಲೆ ಅದರ ಸದ್ದು ತನಗೇ ಕೇಳಿಸುತ್ತಿದೆ ಎನ್ನಿಸಿತು.

ಪೊಲೀಸ್ ವಸತಿಯ ಸಾಲಿನ ಕೊನೆಯ ಮನೆ ಅವನದು. ಬಾಗಿಲು ತೆರೆದಿತ್ತು.

ಹಿತ್ತಲ ಕಟ್ಟೆಯ ಮೇಲೆ ಗಾಜಿನ ಜಾಡಿ ಬೋರಲಾಗಿತ್ತು. ಕೊರಳಿಗೆ ಕೆಂಪು ದಾರ. ಮಂಜವ್ವ ಗುಂಡಿ ಅಗೆಯುತ್ತಿದ್ದಳು. ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದಿದ್ದಳು. ಪಕ್ಕದಲ್ಲಿ ತಟ್ಟೆ ಮುಚ್ಚಿದ ಒಂದು ಬಕೀಟು, ತಟ್ಟೆಯ ಮೇಲೆ ಕಲ್ಲು.

ಅವಳು ಬದುಕಿದ್ದಳು. ಅದನ್ನು ನೋಡಿದ ಮೇಲೆ ಗಿರಿಯಪ್ಪ ಹಿತ್ತಲಿಗೆ ಇಳಿದ.

“ಬಂದ್ರ್ಯಾ,” ಎಂದಳು ಮಂಜವ್ವ. “ಕೈಕಾಲು ತೊಳಕೊಳ್ರಿ. ಆ ಬಕೀಟು ಮುಟ್ಟಬ್ಯಾಡ್ರಿ.”

“ಅದರಾಗ ಏನೈತಿ ಅಂತ ನಿನಗ ಗೊತ್ತೈತೇನು?”

“ಗೊತ್ತೈತಿ.”

“ಎಂದಿನಿಂದ?”

ಅವಳು ಗುದ್ದಲಿಯನ್ನು ಮಣ್ಣಿನಲ್ಲಿ ಊರಿ ನಿಂತಳು. “ನಿಮಗ ಹೇಳಾಕಂತ ಎಷ್ಟು ಸಲ ಬಂದೆ. ನೀವು ಗ್ವಾಡಿ ಕಡೆ ಮುಖಾ ಮಾಡಿ ಮಲಗಿರ್ತಿದ್ರಿ. ಕರದ್ರ ಹ್ಞೂಂ ಅಂತಿದ್ರಿ, ಕೇಳ್ತಿರಲಿಲ್ಲ. ಜಾಡಿ ಠಾಣ್ಯಾಗ ಐತಿ, ವಿಷಾ ಐತಂತ ವರದಿ ಬರ್ತೈತಿ, ಆವಾಗ ನಿಮಗ ತಾನ ತಿಳೀತೈತಿ ಅಂದ್ಕೊಂಡು ಸುಮ್ಮನಾದೆ. ಇವತ್ತ ಬರೀ ನೀರಂತ ಬಂತು. ಹಂಗಾದ್ರ ಆ ನೀರು ಇನ್ನೂ ಆ ಮನ್ಯಾಗ ಎಲ್ಲೋ ಐತಿ, ನೀವು ಮತ್ತ ಅಲ್ಲಿಗೆ ಹೋಗ್ತೀರಿ ಅಂತ ಜೀವಾ ಹೊಡಕೊಂತು.”

“ಮಂಜವ್ವ.” ಅವನು ಕಟ್ಟೆಯ ಹತ್ತಿರ ಬಂದ. “ನಿನಗ ಯಾರು ಹೇಳಿದ್ರು?”

ಅವಳು ಗುದ್ದಲಿಯನ್ನು ಕೆಳಗಿಟ್ಟಳು.

“ಚನ್ನವೀರಪ್ಪಣ್ಣ,” ಎಂದಳು. “ಸತ್ತ ದಿನ ಸಂಜಿಮುಂದ ಇಲ್ಲಿಗೆ ಬಂದಿದ್ದ. ಒಳಗ ಬಾ ಅಂದ್ರೂ ಬರಲಿಲ್ಲ, ಅಂಗಳದಾಗ ನಿಂತ. ‘ಗಿರಿ ಇವತ್ತ ನಮ್ಮನಿಗೆ ಬರಬಾರದು, ಬಂದ್ರೂ ನನ್ನ ಕೈಯಾಗಿನ ನೀರು ಕುಡೀಬಾರದು, ಹೆಂಗರ ಮಾಡಿ ತಡೀವಾ’ ಅಂದ. ಯಾಕಣ್ಣಾ ಅಂತ ಕೇಳಿದೆ. ‘ಗಿರಿಗೆ ಆ ವಿಷದ ನೀರು ಕೊಡ್ತೇನಂತ ತಮ್ಮಗ ಮಾತು ಕೊಟ್ಟೇನಿ’ ಅಂದು ಅತ್ತ.”